ಅಕ್ಕ ಸಹಿ ಹಾಕಿದ ಜಾಗ

“ಎಲ್ಲ ಸರಿಯಾಗಿದೆ ಸರ್. ಒಂದೇ ಒಂದು ತೊಡಕು. ನಿಮ್ಮ ಅಕ್ಕನ ಹೆಸರು,” ಎಂದು ಬ್ಯಾಂಕಿನ ಸಾಲ ವಿಭಾಗದ ಮೇಡಂ ಕನ್ನಡಕವನ್ನು ತಲೆಯ ಮೇಲಕ್ಕೆ ಏರಿಸಿಕೊಂಡರು.

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಸರಿದರು. ಮೇಷ್ಟ್ರು ಎಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕ್ಲಚ್ ಯಾವುದು ಬ್ರೇಕ್ ಯಾವುದು ಎಂದು ಊರಿನ ಅರ್ಧ ಜನಕ್ಕೆ ಹೇಳಿಕೊಟ್ಟವರು. ಎದುರಿಗೆ ಲಾರಿ ನುಗ್ಗಿ ಬಂದರೂ ದನಿ ಏರಿಸದ ಮನುಷ್ಯ ಆ ಮೇಜಿನ ಮುಂದೆ ಮಾತ್ರ ಮೊದಲ ದಿನದ ಕಲಿಯುವವನ ಹಾಗೆ ಬೆವರುತ್ತಿದ್ದರು. ತಿಂಗಳುಗಟ್ಟಲೆ ಅಲೆದು ಒಟ್ಟು ಮಾಡಿದ ಕಾಗದಗಳು ಮೇಡಂ ಮುಂದೆ ಇದ್ದವು. ಸಂಬಳದ ಚೀಟಿಗಳು, ತೆರಿಗೆಯ ರಸೀದಿಗಳು, ಮನೆ ಮಾರುವವರ ಹಳೆಯ ಪತ್ರಗಳು, ಆ ಪತ್ರಗಳೆಲ್ಲ ನೆಟ್ಟಗಿವೆ ಎಂದು ವಕೀಲರು ಬರೆದುಕೊಟ್ಟದ್ದು, ಮನೆಗೆ ಇಷ್ಟು ಬೆಲೆ ಬಾಳುತ್ತದೆ ಎಂದು ಎಂಜಿನಿಯರು ಬರೆದುಕೊಟ್ಟದ್ದು. ಮನೆ ಕೊಳ್ಳುವುದೆಂದರೆ ದುಡ್ಡು ಕೊಟ್ಟು ಬೀಗದ ಕೈ ಇಸಿದುಕೊಳ್ಳುವುದು ಎಂದುಕೊಂಡಿದ್ದವರು ಈಗ ಒಂದೊಂದು ಕಾಗದದ ಹುಟ್ಟು ಸಾವು ಎಲ್ಲ ಬಲ್ಲವರಾಗಿದ್ದರು.

“ನೋಡಿ, ಮನೆ ಯಾರ ಹೆಸರಲ್ಲಿರುತ್ತೋ ಅವರೆಲ್ಲ ಸಾಲದಲ್ಲೂ ಇರ್ಬೇಕು. ಅದು ನಮ್ಮ ಬ್ಯಾಂಕಿನ ನಿಯಮ. ಅವರಲ್ಲಿ ಯಾರಿಗೆ ಜಾಸ್ತಿ ವಯಸ್ಸೋ ಅವರ ಲೆಕ್ಕದಲ್ಲೇ ಸಾಲದ ಅವಧಿ. ನಿಮ್ಮ ಅಕ್ಕ ಅರವತ್ತು ದಾಟಿದ್ದಾರೆ. ಅವರನ್ನ ಸೇರಿಸಿದ್ರೆ ನೀವು ಬೇಗ ತೀರಿಸ್ಬೇಕಾಗುತ್ತೆ, ಕಂತು ನಿಮ್ಮ ಕೈಗೆ ಎಟುಕಲ್ಲ.”

“ಹಾಗಾದ್ರೆ ಏನ್ ಮಾಡೋದು ಮೇಡಂ?”

“ಎರಡು ದಾರಿ ಇದೆ. ಅವರ ಹೆಸರು ಬಿಟ್ಟು ನೀವೂ ನಿಮ್ಮ ಮನೆಯವರೂ ಇಬ್ಬರೇ ತಗೊಳ್ಳೋದು. ಇಲ್ಲ ಅಂದ್ರೆ ಅವರನ್ನ ಒಂದ್ಸಲ ಇಲ್ಲಿಗೆ ಕರ್ಕೊಂಡು ಬನ್ನಿ, ನಾನು ಕೂರಿಸಿ ಮಾತಾಡ್ತೀನಿ. ಮೇಲಿನ ಆಫೀಸಿಗೆ ವಿಶೇಷ ಅನುಮತಿ ಕೇಳಿ ಬರೀಬಹುದು. ಕೆಲವು ವಾರ ಹಿಡಿಯುತ್ತೆ. ಸಿಕ್ಕೇ ಸಿಗುತ್ತೆ ಅಂತ ಹೇಳೋಕಾಗಲ್ಲ. ಆದ್ರೆ ಕೆಲವರಿಗೆ ಸಿಕ್ಕಿದೆ.”

ಮೇಷ್ಟ್ರು ಮೇಜಿನ ಅಂಚನ್ನು ಉಗುರಿನಿಂದ ಕೆರೆದರು. ಮನೆ ಮಾರುವಾತ ಹಿಂದಿನ ದಿನವಷ್ಟೇ ಫೋನ್ ಮಾಡಿ, ತಿಂಗಳ ಕೊನೆಯೊಳಗೆ ರಿಜಿಸ್ಟರ್ ಆಗದಿದ್ದರೆ ಬೇರೆಯವರಿಗೆ ಕೊಡುವುದಾಗಿ ಖಡಾಖಂಡಿತವಾಗಿ ಹೇಳಿದ್ದ. ಇನ್ನೂ ಕೆಲವು ವಾರ ಎಂದರೆ ಮನೆ ಕೈಬಿಟ್ಟಂತೆಯೇ.

“ಬೇಡ ಮೇಡಂ. ಅಕ್ಕನ ಹೆಸರು ತೆಗೀರಿ. ಮನೇಲಿ ನಾನು ಹೇಳ್ತೀನಿ.”

ಹಾಗೆ ಹೇಳುವಾಗ ಅವರು ಸುಳ್ಳಾಡಲಿಲ್ಲ. ಹೇಳಬೇಕೆಂದೇ ಇತ್ತು. ಬಸ್ಸಿಳಿದು ಮನೆಯ ಬೀದಿಗೆ ತಿರುಗುವವರೆಗೂ ಇತ್ತು.

ಆ ಮನೆಗೆ ಮೊದಲು ಮನಸೋತವಳು ಅಕ್ಕ. ನೋಡಲು ಹೋದ ದಿನ ಮೇಷ್ಟ್ರು ನಲ್ಲಿ ತಿರುಗಿಸಿ, ಗೋಡೆ ಬಡಿದು, ಪಂಡಿತನ ಹಾಗೆ ಓಡಾಡುತ್ತಿದ್ದರೆ ಅಕ್ಕ ನೆಟ್ಟಗೆ ಅಡುಗೆಮನೆಗೆ ಹೋಗಿ ಕಿಟಕಿ ತೆಗೆದಳು, ಮುಚ್ಚಿದಳು, ಮತ್ತೆ ತೆಗೆದಳು. ಹೊರಗಡೆ ಬಟ್ಟೆ ಒಗೆಯುವ ಕಲ್ಲು, ಅದರಾಚೆ ಪಕ್ಕದ ಮನೆಯ ಕಾಂಪೌಂಡು, ಕಾಂಪೌಂಡಿನ ಮೇಲೊಂದು ಬೆಕ್ಕು. ನೋಡುವಂಥದ್ದು ಏನೂ ಇರಲಿಲ್ಲ. ಆದರೆ ಅಕ್ಕ ಹುಡುಗಿಯರ ಹಾಸ್ಟೆಲಿನಲ್ಲಿ ಆಯುಷ್ಯವೆಲ್ಲ ಅಡುಗೆ ಮಾಡಿದವಳು, ಆ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡೇ ಅವಳು ಕೇಳಿದ್ದಳು:

“ಪುಟ್ಟಾ, ಪತ್ರದಲ್ಲಿ ನನ್ನ ಹೆಸರೂ ಬರುತ್ತೇನೋ?”

ಪುಟ್ಟನಿಗೆ ಮೀಸೆಯೆಲ್ಲ ನರೆತಿತ್ತು. ಖುಷಿಯಲ್ಲಿದ್ದ ಪುಟ್ಟ ಎದೆಯುಬ್ಬಿಸಿ ಹೇಳಿದ್ದ: “ಬರೋದೇನು ಅಕ್ಕ, ಮೊದಲನೇ ಹೆಸರು ನಿಂದೇ.”

ಹೆಸರಿಗಾಗಿ ಹಂಬಲಿಸುವ ಹೆಂಗಸಲ್ಲ ಅವಳು. ಆದರೆ ಮದುವೆಯಾಗಿ ಹೋದ ಮನೆಯಿಂದ ವರ್ಷ ತುಂಬುವುದರೊಳಗೆ, ಇದು ನಿನ್ನ ಮನೆಯಲ್ಲ ಎನ್ನಿಸಿಕೊಂಡು ಪೆಟ್ಟಿಗೆ ಸಮೇತ ವಾಪಸ್ಸು ಬಂದವಳು. ಆಮೇಲೆ ತಾಯಿಯಿಲ್ಲದ ತಮ್ಮನನ್ನು ಕಟ್ಟಿಕೊಂಡು ಹಾಸ್ಟೆಲಿನ ಉಗ್ರಾಣದ ಹಿಂದಿನ ಕೋಣೆಯಲ್ಲಿ ಇದ್ದಳು. ತಮ್ಮ ದುಡಿಯುವಂತಾದ ಮೇಲೆ ಒಂದಾದ ಮೇಲೊಂದು ಬಾಡಿಗೆ ಮನೆ. ಎಲ್ಲೇ ಇದ್ದರೂ ಇನ್ನೊಬ್ಬರ ಸೂರು. ನಿವೃತ್ತಿಯಾದಾಗ ಹಾಸ್ಟೆಲಿನವರು ಕೊಟ್ಟ ಇಡುಗಂಟನ್ನು ಅವಳು ಒಂದು ಮಾತೂ ಆಡದೆ ತಮ್ಮನ ಕೈಗಿಟ್ಟಿದ್ದಳು. ಸಾಲ ಕೊಡುವ ಬ್ಯಾಂಕು ಪೂರ್ತಿ ಬೆಲೆ ಕೊಡುವುದಿಲ್ಲ, ಒಂದು ಪಾಲನ್ನು ನಾವೇ ಹಾಕಬೇಕು ಎಂದು ಮೇಷ್ಟ್ರು ಮನೆಯಲ್ಲಿ ಪಾಠ ಮಾಡಿದ ದಿನವೇ ಅದು. ಆ ದುಡ್ಡು ಮುಂಗಡಕ್ಕೆ ಹೋಯಿತು.

ಹೌದು, ಮನೆಯಲ್ಲಿ ಪಾಠ ನಡೆಯುತ್ತಿತ್ತು. ಬ್ಯಾಂಕಿನಲ್ಲಿ ತಾವು ತಿಳಿದುಕೊಂಡದ್ದನ್ನು ಮೇಷ್ಟ್ರು ಸಂಜೆ ಟೀ ಕುಡಿಯುತ್ತ ಹೆಂಡತಿಗೂ ಅಕ್ಕನಿಗೂ ಒಪ್ಪಿಸುತ್ತಿದ್ದರು. “ಸಾಲ ಮಂಜೂರಾಗೋದು ಅಂದ್ರೆ ಫಸ್ಟ್ ಗೇರ್. ಗಾಡಿ ಹೊರಟಿತು ಅಂತ ಕುಣೀಬೇಡಿ,” ಎನ್ನುವರು. ಸಾಲ ತೀರುವ ತನಕ ಮನೆಯ ಮೂಲಪತ್ರ ಬ್ಯಾಂಕಿನ ಕಪಾಟಿನಲ್ಲೇ ಇರುತ್ತದೆ ಎಂದಾಗ ಅಕ್ಕ, “ಅಯ್ಯೋ ಶಿವನೆ, ಮನೆ ನಮ್ದು, ಜಾತಕ ಅವರ ಹತ್ರ,” ಎಂದು ನಕ್ಕಿದ್ದಳು. ರಿಜಿಸ್ಟರ್ ಆಫೀಸಿನಲ್ಲಿ ಹೆಬ್ಬೆಟ್ಟನ್ನು ಒಂದು ಯಂತ್ರದ ಗಾಜಿನ ಮೇಲೆ ಒತ್ತಬೇಕು, ಗೆರೆ ಸವೆದಿದ್ದರೆ ಯಂತ್ರ ಹಿಡಿಯುವುದಿಲ್ಲ ಎಂದು ಒಮ್ಮೆ ಬಾಯಿ ತಪ್ಪಿ ಹೇಳಿಬಿಟ್ಟಿದ್ದರು. ಅದೇ ಎಡವಟ್ಟಾಯಿತು.

ಅಕ್ಕನ ಹೆಸರು ತೆಗೆಸಿ ಬಂದ ಸಂಜೆ ಅವಳು ಹೊಸಿಲ ಮೇಲೆ ಕೂತು ನಿಂಬೆ ಹೋಳಿನಿಂದ ಹೆಬ್ಬೆರಳು ಉಜ್ಜಿಕೊಳ್ಳುತ್ತಿದ್ದಳು.

“ಏನಕ್ಕ ಇದು?”

“ನೋಡೋ ಇದನ್ನ. ಬಿಸಿ ಪಾತ್ರೆ ಹಿಡಿದೂ ಹಿಡಿದೂ ಒಂದು ಗೆರೆ ನೆಟ್ಟಗಿಲ್ಲ. ಯಂತ್ರ ಹಿಡೀಲಿಲ್ಲ ಅಂದ್ರೆ ಏನ್ ಗತಿ? ಅಷ್ಟು ಜನದ ಮುಂದೆ ಮರ್ಯಾದೆ ಹೋಗುತ್ತೆ.” ಆಮೇಲೆ ಸ್ವಲ್ಪ ನಾಚಿಕೊಂಡು, “ಸಹಿ ಪರವಾಗಿಲ್ಲ ಕಣೋ. ಕೂತ್ಕೊಂಡಿದೆ ಈಗ,” ಎಂದು ಹಳೆಯ ಕ್ಯಾಲೆಂಡರಿನ ಹಾಳೆ ತೋರಿಸಿದಳು. ಹಾಳೆಯ ಹಿಂಭಾಗದ ತುಂಬ ಅವಳ ಹೆಸರು. ಮೇಲಿನ ಸಾಲಿನವು ಕುಡಿದವರ ಹಾಗೆ ವಾಲಾಡುತ್ತಿದ್ದವು. ಕೆಳಗಿನವು ಒಂದರ ಪಕ್ಕ ಒಂದು ಶಿಸ್ತಾಗಿ ನಿಂತಿದ್ದವು.

ಮೇಷ್ಟ್ರು ಬಾಯಿ ತೆರೆದರು. “ಅಕ್ಕ, ಬ್ಯಾಂಕಿನವರು ಇವತ್ತು...”

“ಏನಂದ್ರು?”

“ಎಲ್ಲ ಸರಿಯಾಗಿದೆ ಅಂದ್ರು.”

ಹಾಗಂತ ಮೇಷ್ಟ್ರು ಕಪಟಿಯೇನಲ್ಲ. ಅವರ ಕಸುಬಿನ ಅಭ್ಯಾಸವೇ ಹಾಗೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲಡಿಗೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಗಾಬರಿಯಾಗಿ ಗಾಡಿಯನ್ನು ಅಡ್ಡಾದಿಡ್ಡಿ ನುಗ್ಗಿಸಿದಾಗ ಮೇಷ್ಟ್ರು ತುಟಿಪಿಟಕ್ಕೆನ್ನದೆ ಅದನ್ನು ಒತ್ತುತ್ತಿದ್ದರು. ಸ್ಟಿಯರಿಂಗ್ ಹಿಡಿದವರು ತಾವೇ ನಿಲ್ಲಿಸಿದೆವೆಂದು ಬೀಗುತ್ತಿದ್ದರು. ಬೀಗಲಿ, ಧೈರ್ಯ ಬರುತ್ತದೆ ಎಂದು ಇವರು ಸುಮ್ಮನಿರುತ್ತಿದ್ದರು. ಗಾಡಿ ಓಡುವಾಗ ಹೆದರಿಸಬಾರದು, ಹೇಳುವುದಿದ್ದರೆ ನಿಂತ ಮೇಲೆ ಹೇಳಬೇಕು ಎಂಬುದು ಅವರ ಪದ್ಧತಿ. ಎಷ್ಟೋ ಸಲ ನಿಂತ ಮೇಲೂ ಹೇಳುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

“ಹೇಳಿದ್ರಾ?” ಎಂದು ಹೆಂಡತಿ ದಿನಾ ಕೇಳುವಳು. ಅವಳು ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದಳು. ಅವಳ ಸಂಬಳವೂ ಸೇರಿದ್ದರಿಂದಲೇ ಅಷ್ಟು ಸಾಲ ಸಿಕ್ಕಿದ್ದು.

“ನಾಳೆ ಹೇಳ್ತೀನಿ.”

ನಾಳೆಗಳು ಮುಗಿಯುತ್ತ ಬಂದಾಗ ಮೇಷ್ಟ್ರಿಗೆ ಒಂದು ಉಪಾಯ ಹೊಳೆಯಿತು. ಕ್ರಯಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಅವರಲ್ಲಿ ಒಬ್ಬಳು ಅಕ್ಕನೇ ಆಗಲಿ. ಅಕ್ಕ ಆಫೀಸಿಗೆ ಬರುತ್ತಾಳೆ, ಎಲ್ಲರ ಹಾಗೆ ಅವಳೂ ಸಹಿ ಹಾಕುತ್ತಾಳೆ, ಖುಷಿಯಾಗುತ್ತಾಳೆ. ಪುಟ ಯಾವುದು, ಜಾಗ ಯಾವುದು ಎಂದು ಯಾರು ನೋಡುತ್ತಾರೆ? ಮುಂದೆ ಯಾವಾಗಲಾದರೂ ನಿಧಾನಕ್ಕೆ ಹೇಳಿದರಾಯಿತು.

ಇದನ್ನು ಕೇಳಿ ಹೆಂಡತಿ ಅವರ ಮುಖವನ್ನೇ ನೋಡಿದಳು. “ಅಕ್ಕನ್ನ ಮಂಗ ಮಾಡೋಕೆ ಹೊರಟಿದ್ದೀರಾ?”

“ಮಂಗ ಮಾಡೋದೇನು ಬಂತು. ಬೇಜಾರಾಗಬಾರದು ಅಂತ.”

“ರೀ, ಅವೆರಡೂ ಒಂದೇ ಅಂತ ನಿಮಗನ್ನಿಸಬಹುದು. ಅಕ್ಕಂಗೆ ಹಾಗನ್ನಿಸಲ್ಲ.”

ಆದರೆ ಅವಳೂ ಬಾಯಿ ಬಿಡಲಿಲ್ಲ. ತಾನು ಹೇಳಿದರೆ ಹೆಸರು ತೆಗೆಸಿದ್ದು ತಾನೇ ಎಂದಾಗುತ್ತದೆ ಎಂಬ ಅಳುಕು ಅವಳಿಗೆ. ಹೀಗೆ ಮನೆಯಲ್ಲಿ ಇಬ್ಬರಿಗೆ ಗೊತ್ತಿದ್ದ ಸಂಗತಿ ಮೂರನೆಯವಳಿಗೆ ಮಾತ್ರ ಗೊತ್ತಾಗದೆ ಉಳಿಯಿತು.

ರಿಜಿಸ್ಟರ್ ಆಫೀಸಿಗೆ ಹೋಗುವ ದಿನ ಅಕ್ಕ ಎಲ್ಲರಿಗಿಂತ ಮೊದಲು ತಯಾರಾಗಿ ಕೂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ, ಒರೆಸಿ ಒರೆಸಿ ಹೊಳೆಯುವ ಕನ್ನಡಕ, ಕೈಯಲ್ಲಿ ಅವಳದೇ ಪೆನ್ನು. ಆಫೀಸಿನ ಪೆನ್ನು ತನ್ನ ಕೈಗೆ ಒಗ್ಗುವುದೋ ಇಲ್ಲವೋ ಎಂದು. ಡ್ರೈವಿಂಗ್ ಸ್ಕೂಲಿನ ಕಾರನ್ನೇ ಮೇಷ್ಟ್ರು ಕೇಳಿ ತಂದಿದ್ದರು. ದಾರಿಯುದ್ದಕ್ಕೂ ಅಕ್ಕ ಹಿಂದಿನ ಸೀಟಿನಲ್ಲಿ ಒಲೆ ಎಲ್ಲಿ ಇಡಬೇಕು, ಒಗೆಯುವ ಕಲ್ಲಿನ ಹತ್ತಿರ ಪಾಚಿ ಹೇಗೆ ತೆಗೆಯಬೇಕು ಎಂದು ಮಾತಾಡುತ್ತಲೇ ಇದ್ದಳು. ಮೇಷ್ಟ್ರ ಹೆಂಡತಿ ಹೂಂಗುಟ್ಟುತ್ತ ಕಿಟಕಿಯ ಹೊರಗೆ ನೋಡುತ್ತಿದ್ದಳು.

ಆಫೀಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮದುವೆ ನೋಂದಾಯಿಸಲು ಬಂದ ಜೋಡಿ, ಪಾಲು ಮಾಡಿಕೊಳ್ಳಲು ಬಂದು ಮುಖ ತಿರುಗಿಸಿ ಕೂತ ಅಣ್ಣತಮ್ಮಂದಿರು, ಏನೂ ಕೆಲಸವಿಲ್ಲದೆ ಬಂದು ನಿಂತವರು. ಗುಮಾಸ್ತನೊಬ್ಬ ಕೌಂಟರಿನ ಹಿಂದಿನಿಂದ ಕೂಗಿದಾಗ ಇವರೆಲ್ಲ ಮುಂದೆ ಹೋದರು. ಮನೆ ಮಾರುವಾತ ಸಹಿ ಹಾಕಿ ಹೆಬ್ಬೆಟ್ಟು ಒತ್ತಿದ. ಮೇಷ್ಟ್ರು ಒತ್ತಿದರು. ಅವರ ಹೆಂಡತಿ ಒತ್ತಿದಳು. ಅಕ್ಕ ಹೆಬ್ಬೆರಳನ್ನು ಬಟ್ಟೆಯಂಚಿಗೆ ಒರೆಸಿಕೊಂಡು, ಮುಂದೆ ಚಾಚಿ ನಿಂತಳು.

“ನೀವು ಬೇಡಮ್ಮ. ಸಾಕ್ಷಿಗಳಿಗೆ ಹೆಬ್ಬೆಟ್ಟಿಲ್ಲ. ಕೊನೇ ಪುಟದಲ್ಲಿ ಒಂದು ಸಹಿ ಹಾಕಿ ಸಾಕು,” ಎಂದ ಗುಮಾಸ್ತ.

ಅಕ್ಕ ನಕ್ಕಳು. ತಪ್ಪಾಗಿ ತಿಳಿದುಕೊಂಡ ಹುಡುಗನಿಗೆ ತಿಳಿಹೇಳುವವಳ ಹಾಗೆ, “ಇಲ್ಲಪ್ಪ, ನಾನು ಮನೆ ತಗೊಳ್ಳೋಳು. ಮೊದಲನೇ ಹೆಸರು ನಂದೇ. ಒಂದ್ಸಲ ನೋಡು,” ಎಂದಳು.

ಗುಮಾಸ್ತ ಪುಟ ತಿರುವಿದ. ಒಳ್ಳೆಯ ಮನುಷ್ಯ. ಗದ್ದಲದಲ್ಲೂ ಅವಳಿಗಾಗಿ ಬೆರಳಿಟ್ಟು ಓದಿದ. “ತಗೊಳ್ಳೋರು ಇವರಿಬ್ಬರು, ಗಂಡ ಹೆಂಡತಿ. ನಿಮ್ಮ ಹೆಸರು ಇಲ್ಲಿದೆ ನೋಡಿ, ಸಾಕ್ಷಿ ಅಂತ.”

“ಸಾಕ್ಷಿ ಅಂದ್ರೆ?”

“ಅಂದ್ರೆ, ಇವರು ಮನೆ ತಗೊಂಡಿದ್ದನ್ನ ನೀವು ಕಣ್ಣಾರೆ ನೋಡಿದ್ರಿ ಅಂತ, ಅಷ್ಟೇ. ಮನೆಗೂ ನಿಮಗೂ ಏನೂ ಸಂಬಂಧ ಇಲ್ಲ. ಹೆದರ್ಕೋಬೇಡಿ.”

ಅಕ್ಕ ತಿರುಗಿ ತಮ್ಮನ ಮುಖ ನೋಡಿದಳು. ಸಿಟ್ಟಿನಿಂದಲ್ಲ. ಗುಮಾಸ್ತ ಹೇಳಿದ್ದು ತಪ್ಪು ಎಂದು ತಮ್ಮ ಈಗ ಹೇಳಬಹುದು ಎಂದು ಕಾಯುವವಳ ಹಾಗೆ. ಮೇಷ್ಟ್ರು ಗೋಡೆಯ ಫ್ಯಾನ್ ನೋಡಿದರು. ಅವರ ಬಲಗಾಲು ತನಗೆ ತಾನೇ ನೆಲವನ್ನು ಒತ್ತುತ್ತಿತ್ತು. ನಿಲ್ಲಿಸುವುದಕ್ಕೆ ಅಲ್ಲಿ ಏನೂ ಇರಲಿಲ್ಲ.

ಅಕ್ಕ ಹೆಬ್ಬೆರಳನ್ನು ಮಡಿಸಿ ಮುಷ್ಟಿಯೊಳಗೆ ಸೇರಿಸಿಕೊಂಡಳು. ಆಮೇಲೆ ತನ್ನದೇ ಪೆನ್ನಿನ ಮುಚ್ಚಳ ತೆಗೆದು, ಗುಮಾಸ್ತ ತೋರಿಸಿದ ಜಾಗದಲ್ಲಿ ಬಾಗಿ, ಒಂದೊಂದೇ ಅಕ್ಷರ ಬರೆದಳು. ಹಿಂದಿನವರು, “ಬೇಗ ಬೇಗ,” ಎಂದರು. ಅವಳು ಬೇಗ ಮಾಡಲಿಲ್ಲ. ಸಹಿ ನೆಟ್ಟಗೆ, ಗುಂಡಗೆ ಬಂದಿತ್ತು.

ವಾಪಸ್ಸು ಬರುವ ದಾರಿಯಲ್ಲಿ ಸಿಗ್ನಲ್ಲಿನಲ್ಲಿ ನಿಂತಾಗ ಮೇಷ್ಟ್ರು ಕನ್ನಡಿಯಲ್ಲಿ ಹಿಂದಿನ ಸೀಟನ್ನು ನೋಡಿ ಶುರು ಮಾಡಿದರು. ಬ್ಯಾಂಕಿನ ನಿಯಮ, ವಯಸ್ಸಿನ ಲೆಕ್ಕ, ಮಾರುವಾತನ ಅವಸರ. ಅಷ್ಟು ತಿಂಗಳಿಂದ ಅವರು ಮಾಡಿದ ಪಾಠಗಳಲ್ಲೆಲ್ಲ ಅಷ್ಟು ಸ್ಪಷ್ಟವಾಗಿ ಯಾವುದನ್ನೂ ಹೇಳಿರಲಿಲ್ಲ. ಅಕ್ಕ ಕೊನೆಯವರೆಗೂ ಕೇಳಿಸಿಕೊಂಡಳು.

“ಇಷ್ಟೇನಾ? ಇದನ್ನ ಮೊದಲೇ ಹೇಳಿದ್ರೆ ನಾನು ಬೇಡ ಅಂತಿದ್ನೇನೋ? ನನ್ನ ಹೆಸರು ತೆಗೆದುಬಿಡು, ಮನೆ ತಪ್ಪಿಸ್ಕೋಬೇಡ ಅಂತ ನಾನೇ ಹೇಳ್ತಿದ್ದೆ.”

“ನಿಂಗೆ ನೋವಾಗುತ್ತೆ ಅಂತ ಅಕ್ಕ...”

“ನಿಂಗೆ ಕೊಡೋದು ನಂಗೇನು ಹೊಸದಾ ಪುಟ್ಟ? ಇದನ್ನೂ ಕೊಡ್ತಿದ್ದೆ. ನೀನು ಕೇಳ್ಲಿಲ್ಲ.”

ಹಿಂದಿನ ಗಾಡಿಯವನು ಹಾರ್ನ್ ಹೊಡೆದ. ಮೇಷ್ಟ್ರು ಕ್ಲಚ್ ಬಿಟ್ಟ ರಭಸಕ್ಕೆ ಕಾರು ಜಗ್ಗಿ ಆಫ್ ಆಯಿತು. ಅಷ್ಟು ವರ್ಷದಲ್ಲಿ ಅವರ ಕೈಯಲ್ಲಿ ಗಾಡಿ ಹಾಗೆ ಆಫ್ ಆದದ್ದು ಯಾರೂ ನೋಡಿರಲಿಲ್ಲ.

ಆ ವಿಷಯವನ್ನು ಅಕ್ಕ ಮತ್ತೆ ಎತ್ತಲಿಲ್ಲ. ಮೇಷ್ಟ್ರಿಗೆ ಮಾತ್ರ ಅದು ಗಂಟಲಲ್ಲಿ ಸಿಕ್ಕ ಮುಳ್ಳಾಯಿತು. ಹೊಸ ಮನೆಗೆ ಹೋಗಿ ಕಂತು ಕಟ್ಟುವುದು ಶುರುವಾದ ಮೇಲೆ ಒಂದು ದಿನ ತಡೆಯಲಾರದೆ ಬ್ಯಾಂಕಿಗೆ ಹೋದರು. ಈಗ ಅಕ್ಕನ ಹೆಸರು ಸೇರಿಸುವುದಕ್ಕೆ ಬರುತ್ತದೆಯೇ ಎಂದು ಕೇಳಿದರು.

ಮೇಡಂ ಇಲ್ಲವೆಂದು ತಲೆಯಾಡಿಸಿದರು. “ಸಾಲ ತೀರೋ ತನಕ ಪತ್ರ ಮುಟ್ಟೋ ಹಾಗಿಲ್ಲ ಸರ್. ಆವತ್ತೇ ಅವರನ್ನ ಕರ್ಕೊಂಡು ಬಂದಿದ್ರೆ ಏನಾದ್ರೂ ನೋಡಬಹುದಿತ್ತು. ಕಳೆದ ತಿಂಗಳು ಒಬ್ಬರಿಗೆ ಅನುಮತಿ ಸಿಕ್ತು, ಅವರ ತಾಯಿಗೆ. ಅವರದ್ದು ಬೇಗ ಬಂತು.” ಆಮೇಲೆ, ಸಮಾಧಾನಕ್ಕೆಂದು, “ಸಾಲ ತೀರಿದ ಮೇಲೆ ಧಾರಾಳವಾಗಿ ಸೇರಿಸಿ. ನಮ್ಮದೇನೂ ಅಭ್ಯಂತರ ಇಲ್ಲ,” ಎಂದರು.

ಸಾಲ ತೀರುವಾಗ ಅಕ್ಕನಿಗೆ ಎಷ್ಟು ವಯಸ್ಸಾಗಿರುತ್ತದೆ ಎಂದು ಲೆಕ್ಕ ಹಾಕಲು ಹೋಗಿ ಮೇಷ್ಟ್ರು ಅರ್ಧಕ್ಕೇ ಬಿಟ್ಟರು. ತಮ್ಮಂಥ ದಡ್ಡ ಇನ್ನೊಬ್ಬನಿಲ್ಲ ಎಂದು ಬೈದುಕೊಳ್ಳುತ್ತ ಮನೆಗೆ ನಡೆದೇ ಬಂದರು. ಬ್ಯಾಂಕಿಗೆ ಹೋದದ್ದನ್ನು ಅಕ್ಕನಿಗೆ ಹೇಳಬೇಕೆಂದುಕೊಂಡರು. ಹೇಳಲಿಲ್ಲ.

ಹೊಸ ಮನೆಯಲ್ಲಿ ಅಕ್ಕ ಚೆನ್ನಾಗಿಯೇ ಇದ್ದಳು. ಬೆಳಿಗ್ಗೆ ಎದ್ದು ಅಡುಗೆಮನೆಯ ಕಿಟಕಿ ತೆಗೆಯುವಳು, ಪಕ್ಕದ ಮನೆಯ ಬೆಕ್ಕನ್ನು ಗದರುವಳು, ಅದಕ್ಕೇ ಹಾಲನ್ನೂ ಇಡುವಳು. ಮೇಷ್ಟ್ರ ಹೆಂಡತಿಯೊಡನೆ ನಗುತ್ತ ಮಾತಾಡುವಳು. ಹೊರಗಿನವರು ಯಾರೇ ನೋಡಿದರೂ ಏನೂ ಕೊರತೆ ಕಾಣುತ್ತಿರಲಿಲ್ಲ. ಮೇಷ್ಟ್ರು ಕೂಡ ಒಂದೊಂದು ಸಲ, ಪರವಾಗಿಲ್ಲ, ಮರೆತಿದ್ದಾಳೆ ಎಂದುಕೊಳ್ಳುತ್ತಿದ್ದರು.

ರಜೆಯ ದಿನ ಬೆಳಿಗ್ಗೆ ಮೇಷ್ಟ್ರು ಪೇಪರ್ ಓದುತ್ತ ಕೂತಿದ್ದಾಗ ಅಕ್ಕ ಬಂದು ಬಾಗಿಲ ಹತ್ತಿರ ನಿಂತಳು. ಒಂದು ಕೈಯಲ್ಲಿ ಸುತ್ತಿಗೆ, ಇನ್ನೊಂದರಲ್ಲಿ ಮೊಳೆ.

“ಪುಟ್ಟಾ, ಅಡುಗೆಮನೆ ಗೋಡೆಗೆ ಒಂದು ಮೊಳೆ ಹೊಡ್ಕೊಳ್ಳಲಾ? ಜರಡಿ ನೇತು ಹಾಕೋಕೆ ಎಲ್ಲೂ ಜಾಗ ಇಲ್ಲ.”

ಮೇಷ್ಟ್ರು ಪೇಪರ್ ಕೆಳಗಿಳಿಸಿದರು. “ಅದನ್ನೇನಕ್ಕ ಕೇಳ್ತೀಯ? ನಿನ್ನ ಮನೆ.”

“ಹಾಗಲ್ಲಪ್ಪ. ಒಂದು ಮಾತು ಕೇಳಿ ಹೊಡೆಯೋದು ಒಳ್ಳೇದು. ಆಮೇಲೆ ಗೋಡೆ ಹಾಳಾಯ್ತು ಅಂತಾಗಬಾರದು.”

ಅವಳ ದನಿಯಲ್ಲಿ ಚುಚ್ಚುಮಾತಿನ ಸುಳಿವೂ ಇರಲಿಲ್ಲ. ಇದ್ದಿದ್ದರೆ ಮೇಷ್ಟ್ರಿಗೆ ಎಷ್ಟೋ ಹಗುರವಾಗುತ್ತಿತ್ತು. ಇಷ್ಟು ವರ್ಷ ಮೊದಲು ಹಾಸ್ಟೆಲಿನವರನ್ನು, ಆಮೇಲೆ ಬಾಡಿಗೆ ಮನೆಗಳ ಯಜಮಾನರನ್ನು ಅವಳು ಕೇಳುತ್ತಿದ್ದ ದನಿಯೇ ಅದು. ಅದೇ ವಿನಯ, ಬೇಡ ಎಂದರೆ ವಾಪಸ್ಸು ಹೋಗಲು ತಯಾರಾಗಿ ನಿಂತ ಅದೇ ನಿಲುವು. ಮೇಷ್ಟ್ರು ಚಿಕ್ಕಂದಿನಿಂದಲೂ ಅವಳ ಪಕ್ಕದಲ್ಲಿ ನಿಂತು ಎಷ್ಟೋ ಸಲ ಕೇಳಿಸಿಕೊಂಡಿದ್ದರು. ಉತ್ತರ ಹೇಳಬೇಕಾದವರು ತಾವಾಗಿರಲಿಲ್ಲ ಅಷ್ಟೇ.

“ನಾನೇ ಹೊಡೆದುಕೊಡ್ತೀನಿ, ಕೊಡು,” ಎಂದರು.

“ಬೇಡ ಬೇಡ, ನೀನು ಕೂತ್ಕೋ. ಹೂಂ ಅಂದ್ರೆ ಸಾಕು.”

ಅವಳು ನಿಂತೇ ಇದ್ದಳು. ಬೇರೆ ಏನು ಹೇಳಿದರೂ ಆ ಮೊಳೆ ಗೋಡೆಗೆ ಇಳಿಯುವಂತಿರಲಿಲ್ಲ.

“ಹೂಂ,” ಎಂದರು ಮೇಷ್ಟ್ರು.

ಒಳಗಿನಿಂದ ಸುತ್ತಿಗೆಯ ಸದ್ದು ಕೇಳಿಸಿತು. ಜೋರಾಗಿ ಅಲ್ಲ, ಮೆಲ್ಲಗೆ, ಬಿಟ್ಟು ಬಿಟ್ಟು. ಮೇಷ್ಟ್ರು ಎದ್ದು ಅಡುಗೆಮನೆಯ ಬಾಗಿಲವರೆಗೆ ಹೋದರು. ಮೊಳೆ ಇಳಿದಿತ್ತು. ಅದರ ಸುತ್ತ ಒಂದಿಷ್ಟು ಗಾರೆ ಉದುರಿ ಬಿದ್ದಿತ್ತು. ಅಕ್ಕ ಅವಸರದಿಂದ ನೆಲಕ್ಕೆ ಕೂತು, ಪುಡಿಯನ್ನೆಲ್ಲ ಅಂಗೈಯಿಂದ ಒಟ್ಟು ಮಾಡಿ, ಮುಷ್ಟಿಯಲ್ಲಿ ಹಿಡಿದು ಕಿಟಕಿಯಿಂದ ಆಚೆ ಹಾಕಿದಳು. ಆಮೇಲೆ ಬೆರಳ ತುದಿಯನ್ನು ನೀರಲ್ಲಿ ಅದ್ದಿ, ಗೋಡೆಯ ಮೇಲೆ ಗಾರೆ ಎದ್ದ ಜಾಗವನ್ನು ಸವರಿ ಸವರಿ ಸಮ ಮಾಡತೊಡಗಿದಳು.